ಒಂದು ಸುತ್ತು ಸಡಿಲ

ಮಾರ್ಚ್ 4, ಮಂಗಳವಾರ

ಇದು ನನ್ನ ಟ್ರಿಪ್ ಪುಸ್ತಕ. ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರು, ಎಷ್ಟು ಡೀಸೆಲ್ ಎಂದು ಬರೆದಿಡುತ್ತಿದ್ದೆ. ಇವತ್ತಿನ ಟ್ರಿಪ್ಪು ಮಂಚದ ಎಡ ಅಂಚಿನಿಂದ ಬಲ ಅಂಚಿಗೆ. ಕಿಲೋಮೀಟರು ಸೊನ್ನೆ. ಡೀಸೆಲ್ ಎರಡು ಲೋಟ ಚಹಾ.

ಎಡತೊಡೆಯ ಮೂಳೆ ಮುರಿದು ಹನ್ನೆರಡು ದಿನವಾಯಿತು. ಒಳಗೆ ಕಬ್ಬಿಣದ ಸರಳು ಇಟ್ಟು ಹೊಲಿದಿದ್ದಾರೆ. ನೋಡಲು ಬಂದವರಿಗೆಲ್ಲ ನಾನು ಲೋಡಿನ ಮೇಲೆ ನಿಂತು ಟಾರ್ಪಾಲು ಬಿಗಿಯುವಾಗ ಹದಿನಾಲ್ಕು ಅಡಿ ಕೆಳಗೆ ಬಿದ್ದೆ ಎಂದು ಹೇಳಿದ್ದೇನೆ. ಈ ಪುಸ್ತಕವನ್ನು ಯಾರೂ ಓದುವುದಿಲ್ಲವಾದ್ದರಿಂದ ನಿಜ ಬರೆಯುತ್ತೇನೆ. ಲಾರಿ ನಿಂತಿತ್ತು. ಲೋಡೂ ಇರಲಿಲ್ಲ. ಕ್ಯಾಬಿನ್ನಿನ ಕೊನೆಯ ಮೆಟ್ಟಿಲಿನಿಂದ, ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು ಹಿಡಿದುಕೊಂಡು, ಜಾರಿ ಬಿದ್ದೆ. ಹಣ್ಣಿಗೆ ಏನೂ ಆಗಲಿಲ್ಲ.

ಆರು ವಾರ ಕಾಲು ನೆಲಕ್ಕೆ ತಾಗಿಸಬಾರದು ಎಂದು ಡಾಕ್ಟರು ಹೇಳಿದ್ದಾರೆ. ಆಮೇಲೆ ಲಾರಿ ಓಡಿಸಬಹುದಾ ಎಂದು ಕೇಳಿದರೆ ನನ್ನ ಮುಖ ಬಿಟ್ಟು ನನ್ನ ಹೆಂಡತಿಯ ಮುಖ ನೋಡಿದರು. ಡಾಕ್ಟರುಗಳಿಗೆ ಮುರಿದುಕೊಂಡವನಿಗಿಂತ ಮುರಿದುಕೊಳ್ಳದವರ ಹತ್ತಿರ ಮಾತಾಡುವುದೇ ಇಷ್ಟ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಬೆನ್ನು ಒರೆಸುತ್ತಾ ಹೆಂಡತಿ ಸುದ್ದಿ ಹೇಳಿದಳು. ಬೆನ್ನು ಒರೆಸುವಾಗ ಹೇಳಿದರೆ ಮುಖ ನೋಡುವ ಕಷ್ಟ ಇಲ್ಲವಲ್ಲ.

"ರೀ, ಲಾರಿ ಮಾರೋಣ."

"ಯಾರ ಲಾರಿ?"

"ನಮ್ಮನೆ ಮುಂದೆ ಎಷ್ಟು ಲಾರಿ ನಿಂತಿದೆ?"

ನನ್ನ ಎಡಗಾಲು ಇನ್ನು ಲಾರಿಯ ಕ್ಲಚ್ಚು ತುಳಿಯುವುದಿಲ್ಲವಂತೆ. ಡಾಕ್ಟರು ಇವಳಿಗೆ ಹೇಳಿದ್ದಾರೆ. ನನಗೆ ಹೇಳಿಲ್ಲ, ಹಾಗಾಗಿ ನಾನು ನಂಬಿಲ್ಲ. ಇವಳು ನಂಬಿದ್ದು ಮಾತ್ರವಲ್ಲ, ಗಿರಾಕಿಯನ್ನೂ ಹುಡುಕಿದ್ದಾಳೆ. ಊರಾಚೆ ಇಟ್ಟಿಗೆ ಭಟ್ಟಿ ನಡೆಸುವವನು ಹದಿಮೂರನೇ ತಾರೀಕು ನೋಡಲು ಬರುತ್ತಾನಂತೆ. ನನ್ನ ಲಾರಿ ಇಟ್ಟಿಗೆ ಹೊರುವುದಂತೆ, ಭಟ್ಟಿಯಿಂದ ಗೇಟಿಗೆ, ಗೇಟಿನಿಂದ ಭಟ್ಟಿಗೆ.

ಇವಳು ಲಾರಿಯನ್ನು ದೊಡ್ಡಕ್ಕ ಎಂದು ಕರೆಯುತ್ತಾಳೆ. ಇವಳು ಮದುವೆಯಾಗಿ ಈ ಮನೆಗೆ ಬರುವುದಕ್ಕೆ ಒಂದು ವರ್ಷ ಮೊದಲೇ ಅದು ಅಂಗಳಕ್ಕೆ ಬಂದಿತ್ತು. ಸವತಿಯರಲ್ಲಿ ಮೊದಲು ಬಂದವಳು ಅಕ್ಕ ತಾನೆ. ಇಪ್ಪತ್ತೈದು ವರ್ಷದಿಂದ "ದೊಡ್ಡಕ್ಕಂಗೆ ಎಣ್ಣೆ ಹಾಕಿ ಆಯ್ತಾ, ಈಗ ನನಗೆ ಸೊಪ್ಪು ತಂದುಕೊಡಿ" ಎನ್ನುವುದನ್ನು ಕೇಳಿ ಕೇಳಿ ನನ್ನ ಕಿವಿ ಒಗ್ಗಿಹೋಗಿದೆ.

ನಾನು ಕೂಗಾಡಲಿಲ್ಲ. ಮುಂದಿನ ಎರಡೂ ಚಕ್ರ ಗುರ್ ಎನ್ನುತ್ತಿವೆ, ಬೇರಿಂಗು ಬಿಚ್ಚಿ ತೊಳೆದು ಹೊಸ ಗ್ರೀಸು ತುಂಬಿ ಹದವಾಗಿ ಕೂರಿಸದೆ ಯಾವ ಮೂರ್ಖನೂ ಕೊಳ್ಳುವುದಿಲ್ಲ ಎಂದೆ. ನಮ್ಮ ಬೀದಿಯ ಮೆಕ್ಯಾನಿಕ್ ನಮ್ಮ ಮನೆಗೆ ಕಾಲಿಡುವುದಿಲ್ಲ. ಹೋದ ವರ್ಷ ಅವನು ಬೇರಿಂಗನ್ನು ಅತಿಯಾಗಿ ಬಿಗಿ ಮಾಡಿ ಸುಟ್ಟುಹಾಕಿದ್ದಕ್ಕೆ ಅವನ ವಂಶವನ್ನು ಮುತ್ತಜ್ಜನವರೆಗೆ ನಡುಬೀದಿಯಲ್ಲಿ ನಿಂತು ಓದಿದ್ದೆ.

"ಹಾಗಾದ್ರೆ ನೀವು ಹೇಳಿ, ನಾನು ಮಾಡ್ತೀನಿ" ಎಂದಳು.

ನಕ್ಕೆ. ತೊಡೆಯೊಳಗಿನ ಸರಳು ಕೂಡ ನಕ್ಕಿತು, ಅಷ್ಟು ನೋವಾಯಿತು. ಆಗಲಿ ಎಂದೆ. ಚಕ್ರವನ್ನು ಹೊರಗೆಳೆಯುವುದರಲ್ಲೇ ಇವಳ ಉತ್ಸಾಹ ಮುಗಿಯುತ್ತದೆ, ಮಾರಾಟವೂ ಅಲ್ಲಿಗೇ ನಿಲ್ಲುತ್ತದೆ.

ಮಾರ್ಚ್ 9, ಭಾನುವಾರ

ಮಂಚವನ್ನು ನಾನು ಮಲಗಿದ ಹಾಗೇ ಎಳೆದು ಮುಂದಿನ ಕೋಣೆಯ ಕಿಟಕಿಗೆ ತಂದಳು. ಮಂಚದ ಕಾಲುಗಳ ಕೆಳಗೆ ಸೋಪು ನೀರಲ್ಲಿ ನೆನೆಸಿದ ಹಳೇ ಬಟ್ಟೆ ಇಟ್ಟಿದ್ದಳು. ಬೀರು, ಅಕ್ಕಿ ಡಬ್ಬ, ಗಂಡ, ಎಲ್ಲವನ್ನೂ ಹೀಗೇ ಸರಿಸುತ್ತಾಳೆ.

ಕಿಟಕಿಯಿಂದ ನನಗೆ ಕಾಣುವುದು ಲಾರಿಯ ಎಡ ಮುಂಚಕ್ರ ಮಾತ್ರ. ಇವಳು ಬೇಕೆಂದೇ ಬಲಚಕ್ರದಿಂದ ಶುರು ಮಾಡಿದಳು. ನಾನು ಇಲ್ಲಿಂದ ಕೂಗಬೇಕು, ಅವಳು ಲಾರಿಯ ಆಚೆಯಿಂದ "ಆಯ್ತು" ಎನ್ನಬೇಕು. ಜಾಕಿ ಎಲ್ಲಿ ಇಡಬೇಕು ಎಂದು ಕೂಗಿ ಹೇಳುವಷ್ಟರಲ್ಲಿ ನನ್ನ ಗಂಟಲು ಹೋಯಿತು. ಎದುರುಮನೆಯ ಟೈಲರ್ ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಿದ್ದ, ಬಿಟ್ಟಿ ನಾಟಕ.

ನಾನು ಕಾಯುತ್ತಿದ್ದದ್ದು ಒಂದೇ ಗಳಿಗೆಗೆ. ಟಯರು, ಡ್ರಮ್ಮು, ಹಬ್ಬು ಎಲ್ಲ ಸೇರಿದ ಆ ಚಕ್ರವನ್ನು ಎಳೆಯಲು ಇಬ್ಬರು ಗಂಡಸರು ಬೇಕು. "ಎಳೀ ಈಗ" ಎಂದು ಕೂಗಿ ಆರಾಮಾಗಿ ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಸರ್‍ರನೆ ಸದ್ದಾಯಿತು. ತಗಡಿನ ಹಾಳೆಯೊಂದಕ್ಕೆ ಗ್ರೀಸು ಬಳಿದು ಟಯರಿನ ಕೆಳಗೆ ತೂರಿಸಿ, ಜಾಕಿಯನ್ನು ಕೂದಲೆಳೆಯಷ್ಟು ಇಳಿಸಿ, ಇಡೀ ಚಕ್ರವನ್ನು ಬೀರು ಸರಿಸಿದ ಹಾಗೆ ಹೊರಗೆ ಜಾರಿಸಿದ್ದಾಳೆ. ಟೈಲರ್ ಚಪ್ಪಾಳೆ ಹೊಡೆದ. ಅವನಿಗೆ ಬೇರೆ ಕೆಲಸವಿಲ್ಲ.

ಮಾರ್ಚ್ 10, ಸೋಮವಾರ

ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ತಟ್ಟೆಯಲ್ಲಿಟ್ಟು ತಂದು ತೋರಿಸಿದಳು. ಉರುಳೆಗಳು ಫಳಫಳ ಹೊಳೆಯುತ್ತಿದ್ದವು. ನಾನು ಇಷ್ಟು ಚೆನ್ನಾಗಿ ಯಾವತ್ತೂ ತೊಳೆದಿಲ್ಲ. "ಪರವಾಗಿಲ್ಲ" ಎಂದೆ.

ಗ್ರೀಸು ತುಂಬುವುದನ್ನು ನಾನೇ ಮಾಡಿ ತೋರಿಸಿದೆ. ಅಂಗೈಯಲ್ಲಿ ಗ್ರೀಸಿನ ಮುದ್ದೆ ಇಟ್ಟುಕೊಂಡು ಬೇರಿಂಗಿನ ಅಗಲದ ಬಾಯಿಂದ ಅದನ್ನು ಒತ್ತಿ ಒತ್ತಿ ಕೆರೆಯಬೇಕು, ಉರುಳೆಗಳ ಸಂದಿನಿಂದ ಇನ್ನೊಂದು ಕಡೆ ಉಕ್ಕುವವರೆಗೆ. ನನ್ನ ಹೊದಿಕೆಗೆಲ್ಲ ಮೆತ್ತಿತು. ಇವಳು ಎರಡನೆಯದನ್ನು ತಾನೇ ತುಂಬಿದಳು. ಆದರೆ ಹಬ್ಬಿನೊಳಗಿನ ಖಾಲಿ ಜಾಗಕ್ಕೂ ಡಬ್ಬಿಗಟ್ಟಲೆ ಸುರಿದಿದ್ದಳು, ನೆಂಟರಿಗೆ ಬಡಿಸುವ ಧಾರಾಳದಲ್ಲಿ. ಅಷ್ಟು ತುಂಬಿದರೆ ಬಿಸಿಯಾಗಿ ಸೀಲು ಕಿತ್ತು ಬ್ರೇಕಿಗೆ ಇಳಿಯುತ್ತದೆ, ತೆಗಿ ಎಂದು ಬೈದೆ. ಬೈಯಲು ಒಂದು ಕಾರಣ ಸಿಕ್ಕಿದ್ದಕ್ಕೆ ಬಹಳ ಸಮಾಧಾನವಾಯಿತು.

ಕೊನೆಗೆ ಹದ ಮಾಡುವುದು. ಚಕ್ರ ತಿರುಗಿಸುತ್ತಾ ತಿರುಗಿಸುತ್ತಾ ನಟ್ಟು ಬಿಗಿ ಮಾಡಬೇಕು, ಚಕ್ರ ಭಾರವಾದ ಕೂಡಲೇ ನಿಲ್ಲಿಸಬೇಕು. ನಟ್ಟಿಗೆ ಆರು ಮುಖ. ಒಂದು ಮುಖದಷ್ಟು ವಾಪಸ್ ಬಿಟ್ಟು, ತೂತಿಗೆ ಪಿನ್ನು ತೂರಿಸಿ ಅದರ ಎರಡು ಕಾಲು ಮಡಿಸಿದರೆ ಮುಗಿಯಿತು. ಹೆಚ್ಚು ಬಿಗಿಯಾದರೆ ಸುಡುತ್ತದೆ, ಸಡಿಲವಾದರೆ ಚಕ್ರ ಓಲಾಡುತ್ತದೆ. ಪಿನ್ನು ಮರೆತರೆ ನಟ್ಟು ತಾನೇ ಬಿಚ್ಚಿಕೊಂಡು ಚಕ್ರ ತನ್ನ ದಾರಿ ಹಿಡಿಯುತ್ತದೆ. ಇದನ್ನೆಲ್ಲ ಮೂರು ಮೂರು ಸಲ ಕೂಗಿ ಹೇಳಿದೆ.

"ಸರಿ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?" ಎಂದು ಆಚೆಯಿಂದ ಕೇಳಿದಳು.

"ಅದನ್ನ ಹೇಳೋಕಾಗಲ್ಲ. ಕೈಗೇ ಗೊತ್ತಾಗಬೇಕು. ನನಗೆ ಆರು ವರ್ಷ ಬೇಕಾಯ್ತು."

ನಟ್ಟು ಕಿರ್ ಎಂದಿತು. ಆಮೇಲೆ ಚಕ್ರ ತಿರುಗಿತು. ನಾನು ಕಿವಿಗೊಟ್ಟು ಕೇಳಿದೆ. ಗುರ್ ಇಲ್ಲ, ಕಟಕಟ ಇಲ್ಲ, ಗಾಳಿ ಸುತ್ತಿದ ಹಾಗೆ ಸುತ್ತಿ ತಾನಾಗಿ ನಿಂತಿತು.

"ಕೈಗೆ ಗೊತ್ತಾಯ್ತು ರೀ!" ಎಂದು ಕೂಗಿದಳು. ಕೆಟ್ಟ ಹೆಂಗಸು.

ಮಾರ್ಚ್ 11, ಮಂಗಳವಾರ

ನಿದ್ದೆ ಇಲ್ಲ. ಬಲಚಕ್ರ ಅಷ್ಟು ಚೆನ್ನಾಗಿ ಆಗಿದೆ. ಎಡದ್ದೂ ಹಾಗೇ ಆದರೆ ಭಟ್ಟಿಯವನು ಅಲ್ಲೇ ಒಪ್ಪಿಕೊಂಡು ತೆಗೆದುಕೊಂಡು ಹೋಗುತ್ತಾನೆ. ಆಮೇಲೆ ನಾನು ಯಾರು? ಲಾರಿಯವನು ಬಂದ, ಲಾರಿಯವನು ಹೋದ ಎಂದೇ ನನ್ನನ್ನು ಇಡೀ ಬೀದಿ ಕರೆದದ್ದು. ಲಾರಿ ಇಲ್ಲದ ಲಾರಿಯವನನ್ನು ಏನೆಂದು ಕರೆಯುತ್ತಾರೆ? ನನಗೆ ಭಯವಾಗುತ್ತಿದೆ, ಅಷ್ಟೇ ವಿಷಯ.

ಉಪಾಯ ಹೊಳೆದಿದೆ. ಲಾರಿ ಕೊಳ್ಳಲು ಬರುವ ಯಾವ ದಡ್ಡನೂ ಮೊದಲು ಮಾಡುವ ಕೆಲಸವೆಂದರೆ ಮುಂಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸುವುದು. ಕಟಕಟ ಎಂದರೆ ಮುಖ ಸಿಂಡರಿಸಿ ಚಪ್ಪಲಿ ಹಾಕಿಕೊಳ್ಳುತ್ತಾನೆ. ಎಡಚಕ್ರ ಕಟಕಟ ಎನ್ನಬೇಕು. ಲಾರಿಗೆ ಏನೂ ಆಗುವುದಿಲ್ಲ, ನಿಂತಲ್ಲೇ ನಿಂತಿರುತ್ತದೆ. ಯಾರಿಗೂ ಏನೂ ಆಗುವುದಿಲ್ಲ.

ಮಾರ್ಚ್ 12, ಬುಧವಾರ

ಎಡಚಕ್ರ ಇಡೀ ದಿನ ಕಿಟಕಿಯಲ್ಲಿತ್ತು.

ನನ್ನ ಹಳೇ ಅಂಗಿ ಹಾಕಿಕೊಂಡಿದ್ದಳು, ತೋಳು ಮೊಣಕೈ ಮೇಲಕ್ಕೆ ಮಡಿಸಿ. ಪಾನಾದ ಹಿಡಿಗೆ ನೀರಿನ ಪೈಪಿನ ತುಂಡು ಸಿಕ್ಕಿಸಿ ಉದ್ದ ಮಾಡಿಕೊಂಡು ಅದರ ಮೇಲೆ ಕೂತುಬಿಟ್ಟಳು, ತುಕ್ಕು ಹಿಡಿದ ನಟ್ಟು ಕಿರುಚಿಕೊಂಡು ಬಿಟ್ಟಿತು. ಬಿಚ್ಚಿದ ಒಂದೊಂದು ಸಾಮಾನನ್ನೂ ಬಿಚ್ಚಿದ ಕ್ರಮದಲ್ಲೇ ಹಳೇ ಚಾಪೆಯ ಮೇಲೆ ಸಾಲಾಗಿ ಇಡುತ್ತಾಳೆ. ಹಣೆಯ ಕೂದಲು ಸರಿಸಲು ಕೈ ಎತ್ತಿ, ಗ್ರೀಸು ನೆನಪಾಗಿ, ಭುಜದಿಂದ ಒರೆಸಿಕೊಳ್ಳುತ್ತಾಳೆ. ಅವಳ ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ಕೆಲಸ ಮಾಡುವಾಗ ನಾಲಗೆಯ ತುದಿ ಹೊರಗಿಡುತ್ತಾಳೆ. ಇದೂ ಹೊಸತೋ ಹಳತೋ ಗೊತ್ತಿಲ್ಲ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುತ್ತಿದ್ದವನಿಗೆ ಎಷ್ಟು ಗೊತ್ತಿರುತ್ತದೆ?

ನಾಲ್ಕು ಗಂಟೆಗೆ ಹದ ಮಾಡುವ ಹೊತ್ತು ಬಂತು. ತಿರುಗಿಸಿ ಬಿಗಿ ಮಾಡಿದಳು. ಭಾರ ಆಯ್ತು ಎಂದಳು.

"ಈಗ ವಾಪಸ್ ಬಿಡು. ಒಂದು ಸುತ್ತು ಪೂರ್ತಿ."

ಕಿಟಕಿಯ ಕಡೆ ತಿರುಗಿದಳು. "ಆ ಕಡೇದಕ್ಕೆ ಒಂದು ಮುಖ ಅಂದಿದ್ರಿ?"

"ಆ ಕಡೆ ಬೇರೆ, ಈ ಕಡೆ ಬೇರೆ. ರಸ್ತೆ ಅಂಚಿನ ಗುಂಡಿ ಎಲ್ಲಾ ಎಡಚಕ್ರ ತಾನೆ ತಿನ್ನೋದು? ಅದಕ್ಕೆ ಉಸಿರಾಡೋಕೆ ಜಾಗ ಬೇಕು."

ಇಂಥ ಸುಳ್ಳನ್ನು ನಾನು ಚೆಕ್‌ಪೋಸ್ಟಿನಲ್ಲೂ ಹೇಳಿಲ್ಲ. ಇವಳು ಒಂದು ಗಳಿಗೆ ನನ್ನನ್ನೇ ನೋಡಿದಳು. "ಹಾಗಾ" ಎಂದು ಒಂದು ಸುತ್ತು ಬಿಟ್ಟಳು. ನಂಬಿದಳು. ಇಪ್ಪತ್ತೈದು ವರ್ಷದಿಂದ ನಾನು ಹೇಳಿದ ಯಾವ ಮಾತನ್ನೂ ಮರುಪ್ರಶ್ನೆ ಇಲ್ಲದೆ ಒಪ್ಪದವಳು ಇದನ್ನು ಒಪ್ಪಿದಳು. ನನಗೆ ಖುಷಿಯಾಗಬೇಕಿತ್ತು. ನೋವಿನ ಮಾತ್ರೆ ನುಂಗಿ ಮಲಗಿದೆ.

ಮಾರ್ಚ್ 13, ಗುರುವಾರ, ಬೆಳಿಗ್ಗೆ ಹತ್ತೂವರೆ

ಅವನು ಚಕ್ರ ಅಲ್ಲಾಡಿಸಲಿಲ್ಲ. ಹಾರ್ನು ಹೊಡೆದ, ಟಯರಿಗೆ ಕಾಲಿಂದ ಒದ್ದ, ಕನ್ನಡಿಯಲ್ಲಿ ಮೀಸೆ ನೋಡಿಕೊಂಡ. ಒಂದು ರೌಂಡು ಹೋಗಿ ಬರೋಣ, ನೀವೂ ಬನ್ನಿ ಅಕ್ಕ ಎಂದ. ಇವಳು ಹತ್ತಿ ಕೂತಳು. ಹೈವೇ ಕಡೆ ತಿರುಗಿಸಿದರು.

ಪಿನ್ನು. ಬಲಚಕ್ರಕ್ಕೆ ಹೇಳಿದ್ದು ನೆನಪಿದೆ. ಎಡಕ್ಕೆ ಪಿನ್ನು ಹಾಕು ಎಂದು ಹೇಳಿದ್ದು ನೆನಪಿಲ್ಲ. ಸುಳ್ಳು ಹೇಳುವ ಗಡಿಬಿಡಿಯಲ್ಲಿ ಹೇಳಲೇ ಇಲ್ಲ. ಫೋನು ಮಾಡಿದೆ, ಅಡುಗೆಮನೆಯ ಶೆಲ್ಫಿನ ಮೇಲೆ ರಿಂಗಾಗುತ್ತಿದೆ.

ಮಾರ್ಚ್ 14, ಶುಕ್ರವಾರ

ಆದದ್ದನ್ನು ಬರೆಯುತ್ತೇನೆ. ಟೈಲರನ್ನು ಕೂಗಿದೆ. ನಾಟಕ ಇದ್ದಾಗ ಬಾಗಿಲಲ್ಲೇ ನಿಂತಿರುವ ಆಸಾಮಿ ಬೇಕಾದಾಗ ಮಿಷನ್ನಿನ ಸದ್ದಿನಲ್ಲಿ ಮುಳುಗಿದ್ದ. ಮಂಚದಿಂದ ಉರುಳಿದೆ. ಬಿದ್ದಾಗ ಕಣ್ಣಿಗೆ ಕತ್ತಲೆ ಬಂತು. ಮೊಣಕೈ ಊರಿ ತೆವಳಿದೆ. ಬೀದಿಗೆ ಹೋಗಿ ಯಾವುದಾದರೂ ಬೈಕಿನವನನ್ನು ನಿಲ್ಲಿಸಿ ಅವರ ಹಿಂದೆ ಕಳಿಸಬೇಕೆಂದು. ಆರು ಹೆಜ್ಜೆಯ ಕೋಣೆ. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ತೊಡೆಯ ಹೊಲಿಗೆ ಬಿಚ್ಚಿ ಪೈಜಾಮ ಒದ್ದೆಯಾಯಿತು. ಚಕ್ರ ಕಿತ್ತು ಹೋಗಿ, ಲಾರಿ ವಾಲಿ, ಅವಳು ಕೂತ ಕಡೆಯೇ ಕೆಳಗಾಗುವುದು ನನಗೆ ಮತ್ತೆ ಮತ್ತೆ ಕಾಣುತ್ತಿತ್ತು. ಲಾರಿ ನೆನಪೇ ಬರಲಿಲ್ಲ. ಹೊಸ್ತಿಲ ಮೇಲೆ ಎದೆ ಹಾಕಿಕೊಂಡು ಬಿದ್ದಿದ್ದಾಗ ಹಾರ್ನು ಕೇಳಿಸಿತು.

ಕ್ಯಾಬಿನ್ನಿನಿಂದ ಇಳಿದವಳ ತಲೆಗೂದಲೆಲ್ಲ ಗಾಳಿಗೆ ಕೆದರಿತ್ತು. "ರೀ, ಎಷ್ಟು ಎತ್ತರ ಇದೆ! ಕೂತ್ರೆ ಎಲ್ಲರ ಕಾಂಪೌಂಡ್ ಒಳಗೂ ಕಾಣುತ್ತೆ" ಎಂದು ಹೇಳುತ್ತಲೇ ಬಂದವಳು ನನ್ನನ್ನು ನೋಡಿ ಅಲ್ಲೇ ನಿಂತಳು. ನನ್ನ ಲಾರಿಯಲ್ಲಿ ಅವಳು ಕೂತದ್ದು ನಿನ್ನೆಯೇ ಮೊದಲು. ಹೆಂಗಸರು ಹತ್ತುವ ಗಾಡಿಯಲ್ಲ ಅದು ಎಂದು ಮದುವೆಯಾದ ವರ್ಷ ಹೇಳಿದ್ದೆ, ಆಮೇಲೆ ಅವಳು ಕೇಳಿರಲಿಲ್ಲ.

ಭಟ್ಟಿಯವನೂ ಟೈಲರೂ ಸೇರಿ ನನ್ನನ್ನು ಎತ್ತಿ ಮಲಗಿಸಿದರು. ಭಟ್ಟಿಯವನಿಗೆ ಲಾರಿ ಬಹಳ ಹಿಡಿಸಿತ್ತು. "ಮುಂಚಕ್ರ ಬೆಣ್ಣೆ ಹಾಗೆ ಹೋಗುತ್ತೆ ಅಣ್ಣ, ಯಾವ ಮೇಸ್ತ್ರಿ ಕೈಯಲ್ಲಿ ಮಾಡಿಸಿದ್ರಿ?" ಎಂದ. "ಎಡದ್ದೂ?" ಎಂದೆ.

ಇವಳು ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು. "ನಿನ್ನೆ ನೀವು ಮಲಗಿದ ಮೇಲೆ ಅಲ್ಲಾಡಿಸಿ ನೋಡಿದೆ. ಆ ಕಡೇದು ಹಾಗಿರಲಿಲ್ಲ. ಮಾತ್ರೆ ಅಮಲಲ್ಲಿ ಒಂದು ಸುತ್ತು ಅಂದುಬಿಟ್ಟಿದ್ದೀರಿ ಅಂತ ನಾನೇ ಮತ್ತೆ ಬಿಗಿ ಮಾಡಿ ಒಂದು ಮುಖ ಬಿಟ್ಟೆ."

"ಪಿನ್ನು?"

"ಬಿಚ್ಚಿದ್ದನ್ನೆಲ್ಲ ವಾಪಸ್ ಹಾಕಲ್ವಾ? ನನ್ನ ಏನು ಅಂದ್ಕೊಂಡಿದ್ದೀರಿ?"

ನಾನು ಅತ್ತುಬಿಟ್ಟೆ. ಭಟ್ಟಿಯವನ ಎದುರು, ಟೈಲರನ ಎದುರು, ಮೂಗು ಸುರಿಸಿಕೊಂಡು. ಇವಳು ನನ್ನ ರಕ್ತದ ಪೈಜಾಮ ನೋಡಿದಳು, ಹೊಸ್ತಿಲವರೆಗಿನ ಗೆರೆ ನೋಡಿದಳು. ಆಮೇಲೆ ಭಟ್ಟಿಯವನ ಕಡೆ ತಿರುಗಿದಳು.

"ಬೇಡಪ್ಪ. ಲಾರಿ ಕೊಡಲ್ಲ. ಅದು ಹೋಗೋದನ್ನ ನೋಡೋಕಾಗ್ದೆ ಮುರಿದ ಕಾಲಲ್ಲಿ ತೆವಳಿದ್ದಾರೆ ಇವರು. ಮಾರಿದ್ರೆ ಜೀವ ಬಿಡ್ತಾರೆ. ಒಬ್ಬ ಡ್ರೈವರ್ ಇಟ್ಕೋತೀನಿ, ಇರಲಿ ದೊಡ್ಡಕ್ಕ."

ಡಾಕ್ಟರು ಬಂದು ಮತ್ತೆ ಹೊಲಿದು ಇನ್ನೂ ಎರಡು ವಾರ ಸೇರಿಸಿದರು. ನನಗೆ ಬೇಕಾಗಿದ್ದದ್ದು ಸಿಕ್ಕಿದೆ. ಲಾರಿ ಅಂಗಳದಲ್ಲಿದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ತಪ್ಪನ್ನು ಮಾತ್ರೆ ಹೊತ್ತುಕೊಂಡಿದೆ.

ಮಾರ್ಚ್ 15, ಶನಿವಾರ

ಇವತ್ತು ಇವಳು ನನಗೆ ಎರಡು ಸಲ ಚಹಾ ಮಾಡಿಕೊಟ್ಟಳು, ಕೇಳದೆ. ಇಬ್ಬರು ಡ್ರೈವರುಗಳ ಹತ್ತಿರ ಮಾತಾಡಿ ಬಂದಳಂತೆ. ಎರಡೂ ಲೋಟ ಕುಡಿದೆ. ನಿಜ ಹೇಳಲಿಲ್ಲ.

ಮಾರ್ಚ್ 16, ಭಾನುವಾರ

ಹೇಳಿದೆ.

ಬೆನ್ನು ಒರೆಸುತ್ತಿದ್ದಳು. ಮುಖ ಕಾಣಬಾರದು ಎನ್ನುವ ಉಪಾಯ ನನಗೂ ಬೇಕಾಯಿತು.

"ನಾನು ತೆವಳಿದ್ದು ಲಾರಿಗೋಸ್ಕರ ಅಲ್ಲ ಕಣೆ. ನೀನು ಅದರಲ್ಲಿ ಕೂತಿದ್ದೆಯಲ್ಲ, ಅದಕ್ಕೆ."

"ಕೂತ್ರೆ ಏನಾಯ್ತು?"

"ನಟ್ಟು ಒಂದು ಸುತ್ತು ಸಡಿಲ ಇದೆ ಅಂತ ನನಗೆ ಗೊತ್ತಿತ್ತು. ಮಾತ್ರೆ ಅಮಲಲ್ಲ. ಬೇಕು ಅಂತ ಬಿಡಿಸಿದ್ದು. ಅವನು ಅಲ್ಲಾಡಿಸಿ ನೋಡಿ ಬೇಡ ಅಂತ ಹೋಗ್ಲಿ ಅಂತ."

ಒರೆಸುವ ಬಟ್ಟೆ ನನ್ನ ಬೆನ್ನ ಮೇಲೆ ನಿಂತಿತು. ನೀರು ತಣ್ಣಗಾಗುವವರೆಗೂ ಅಲ್ಲೇ ಇತ್ತು. ಆಮೇಲೆ ಬಕೆಟ್ಟು ಎತ್ತಿಕೊಂಡು ಹೋದಳು. ಬಚ್ಚಲಲ್ಲಿ ನೀರು ಚೆಲ್ಲಿದ ಸದ್ದು ಕೇಳಿಸಿತು. ಅಂಗಿಯ ಗುಂಡಿ ಹಾಕದೆ ಹಾಗೇ ಕೂತಿದ್ದೆ. ಅವಳು ತವರಿಗೆ ಹೋಗುತ್ತೇನೆ ಎಂದರೆ ಹೋಗಬೇಡ ಎನ್ನಲು ನನಗೆ ಬಾಯಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ.

ಬಂದವಳು ತನ್ನ ಫೋನನ್ನು ನನ್ನ ಕೈಗೆ ಕೊಟ್ಟಳು. ಭಟ್ಟಿಯವನ ನಂಬರು ಆಗಲೇ ಒತ್ತಿದ್ದಳು. ಏನು ಹೇಳಬೇಕೆಂದು ಹೇಳಲಿಲ್ಲ.

"ಅಣ್ಣ, ಲಾರಿ ತಗೊಂಡು ಹೋಗಿ" ಎಂದೆ. ನನ್ನ ದನಿ ನನಗೇ ಬೇರೆಯವನದ್ದು ಅನ್ನಿಸಿತು. ಅವನಿಗೆ ನಂಬಿಕೆ ಬರಲಿಲ್ಲ, ಮನೆಯವರನ್ನು ಕೇಳಿ ನೋಡಿ ಎಂದ. "ಅವರನ್ನ ಕೇಳಿಯೇ ಹೇಳ್ತಿರೋದು. ಮತ್ತೆ ಆ ಮುಂಚಕ್ರ ಕೂರಿಸಿದ್ದೂ ಅವರೇ, ನಾನಲ್ಲ. ನಾನು ಹೇಳಿದ ಹಾಗೆ ಮಾಡಿದ್ರೆ ನೀವು ಆಸ್ಪತ್ರೆಯಲ್ಲಿ ಇರ್ತಿದ್ರಿ." ಅವನು ತಮಾಷೆ ಎಂದುಕೊಂಡು ಜೋರಾಗಿ ನಕ್ಕ. ಬುಧವಾರ ಬಂದು ತೆಗೆದುಕೊಂಡು ಹೋಗುತ್ತಾನೆ.

ಫೋನಿಟ್ಟೆ. ಇವಳು ಗೋಡೆಗೆ ಒರಗಿ ನಿಂತಿದ್ದಳು. ಉಗುರಿನ ಸಂದಿಯಲ್ಲಿ ಗ್ರೀಸು ಇನ್ನೂ ಹೋಗಿಲ್ಲ.

"ಇಪ್ಪತ್ತೈದು ವರ್ಷದಲ್ಲಿ ಒಂದೇ ಒಂದು ಸಲ ನನಗೋಸ್ಕರ ಎದ್ದಿದ್ದೀರಿ" ಎಂದಳು. "ಅದಕ್ಕೂ ಮೊದಲು ನನ್ನನ್ನ ಸಾಯಿಸೋ ವ್ಯವಸ್ಥೆ ಮಾಡಬೇಕಾಯ್ತು."

ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ನಾನು ನಗು ನುಂಗಿ ತಪ್ಪಾಯ್ತು ಎಂದೆ. ಹೌದು, ತಪ್ಪಾಯ್ತು ಎಂದು ಅವಳೂ ಹೇಳಿ ಅಡುಗೆಮನೆಗೆ ಹೋದಳು. ಮಧ್ಯಾಹ್ನದ ಊಟವನ್ನು ತಟ್ಟೆ ಕುಕ್ಕಿ ಇಟ್ಟಳು. ಸಂಜೆ ಬಂದು ಮಂಚದ ತುದಿಯಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತಾ, ಲಾರಿ ಹೋದ ಮೇಲೆ ಅಷ್ಟು ದೊಡ್ಡ ಅಂಗಳದಲ್ಲಿ ಏನು ಮಾಡೋಣ ಎಂದು ಕೇಳಿದಳು. ನೀನೇ ಹೇಳು ಎಂದೆ. ಅವಳು ಶುರು ಮಾಡಿದಳು. ಇಷ್ಟು ಬರೆದು ಮುಗಿಸುವ ಹೊತ್ತಿಗೂ ಅವಳದು ಮುಗಿದಿಲ್ಲ.